ಆಚೆ ದಂಡೆಯಲ್ಲಿ ಉಳಿದ ಹೆಸರು

ಕೃಷ್ಣಾ ಹೊಳೆ ಇನ್ನೂ ಪರಕಾರ ಉಟ್ಟುಕೊಂಡು ಕುಣಿಯುವ ಹುಡುಗಿಯಾಗಿದ್ದ ಕಾಲಕ್ಕೆ, ಆಚೆ ದಂಡೆಯ ಊರಿನಲ್ಲಿ ಒಬ್ಬಳು ಹುಡುಗಿ ಇದ್ದಳಂತೆ. ಅವಳಿಗೆ ಈಚೆ ದಂಡೆಯ ವರ ಗೊತ್ತಾದ. ಮದುವೆ ಮುಗಿಸಿ ನಾವೆ ಹತ್ತಲು ಬಂದಾಗ ಅಂಬಿಗ ಹೇಳಿದನಂತೆ, "ಭಾರ ಭಾಳ ಆಗೈತಿ ತಂಗಿ. ಏನರ ಒಂದ ಇಳಿಸು." ಹುಡುಗಿ ನೋಡಿದಳು. ಹಂಡೆ ಇಳಿಸಿದರೆ ಅಪ್ಪ ಸಿಟ್ಟಾಗುತ್ತಾನೆ. ಸೀರೆಯ ಗಂಟು ಇಳಿಸಿದರೆ ಅವ್ವ ಅಳುತ್ತಾಳೆ. ಬುತ್ತಿ ಇಳಿಸಿದರೆ ಗಂಡ ಹಸಿಯುತ್ತಾನೆ. ಇಳಿಸಿದರೆ ಯಾರೂ ಏನೂ ಅನ್ನದಂಥದ್ದು ಅವಳ ಹತ್ತಿರ ಒಂದೇ ಇತ್ತು, ಅವಳ ಹೆಸರು. ಅದನ್ನು ದಂಡೆಯ ಕರಿಕಲ್ಲಿನ ಮೇಲೆ ಕೂರಿಸಿ, "ಇಲ್ಲೇ ಇರು, ಕರಿಯಾಕ ಬರತೀನಿ" ಎಂದು ಹೇಳಿ ನಾವೆ ಹತ್ತಿದಳಂತೆ.

ಈ ಕಥೆಯನ್ನು ನನಗೆ ಹೇಳುತ್ತಿದ್ದವಳು ಆಯಿ, ನನ್ನ ಅಪ್ಪನ ತಾಯಿ ಲಕ್ಷ್ಮಿಬಾಯಿ. ಜೈನರ ಮನೆ ನಮ್ಮದು. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಮುಳುಗಿದ ಮೇಲೆ ಆಯಿ ಒಂದು ಅಗುಳನ್ನೂ ಬಾಯಿಗೆ ಹಾಕುವವಳಲ್ಲ. ಹಾಗಾಗಿ ಊಟಕ್ಕೂ ನಿದ್ದೆಗೂ ನಡುವೆ, ಜುಗೂಳದ ನಮ್ಮ ಮನೆಯ ಕಟ್ಟೆಯ ಮೇಲೆ ದೊಡ್ಡದೊಂದು ಖಾಲಿ ಹೊತ್ತು ಉಳಿಯುತ್ತಿತ್ತು. ಅದರ ತುಂಬ ಕಥೆ.

"ಮುಂದ ಏನಾತು, ಆಯಿ?"

"ಮುಂದೇನ? ಹೆಸರು ಅಲ್ಲೇ ಕುಂತೈತಿ."

"ಆಕಿ ಕರಿಯಾಕ ಹೋಗಲಿಲ್ಲೇನು?"

"ಮನಿ, ಮಕ್ಕಳು, ಎಮ್ಮಿ, ಹೊಲ. ಯಾವಾಗ ಹೋಗಬೇಕ?"

ಆ ಹುಡುಗಿ ಆಯಿಯೇ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಗಲಿಲ್ಲ. ಅವಳ ತವರು ಹೊಳೆಯಾಚೆಗಿತ್ತು. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಅಜ್ಜ ಪಾರಿಸಪ್ಪ ತನ್ನ ಉಂಗುರದಿಂದ 'ಲಕ್ಷ್ಮಿ' ಎಂದು ಬರೆದಿದ್ದನಂತೆ. ಅಂದಿನಿಂದ ಅವಳು ಲಕ್ಷ್ಮಿ. ಅದಕ್ಕೂ ಮುಂಚೆ ಏನಾಗಿದ್ದಳು? ಅಪ್ಪನಿಗೆ ಗೊತ್ತಿಲ್ಲ. ಅಜ್ಜನನ್ನು ಕೇಳಿದರೆ "ಮರತ ಹೋಗೇತಿ" ಎಂದು ಎಲೆ ಮಡಚುತ್ತಿದ್ದ. ಆಯಿಯನ್ನು ಕೇಳಿದರೆ ಸುಮ್ಮನೆ ಹೊಳೆಯ ಕಡೆ ಕೈ ತೋರಿಸುತ್ತಿದ್ದಳು. ಆ ಕರಿಕಲ್ಲು, ಅದರ ಮೇಲೆ ಮೊಣಕಾಲು ತಬ್ಬಿ ಕುಳಿತ ಪುಟ್ಟ ಹೆಸರು, ಎರಡೂ ನನಗೆ ಕಣ್ಣಾರೆ ಕಾಣುತ್ತಿದ್ದವು.

ಎಂಬತ್ತಮೂರರ ಬೇಸಗೆಯಲ್ಲಿ ನನಗೆ ಆರು ವರ್ಷ. ಕಾಕಾನ ಮದುವೆಯಾಗಿ ಹೊಸ ಕಾಕಿ ನಮ್ಮ ಬಾಗಿಲಿಗೆ ಬಂದಿದ್ದಳು. ನಮ್ಮ ಕಡೆ ಹೊಸ ಸೊಸೆ ಸುಮ್ಮನೆ ಒಳಗೆ ಬರುವಂತಿಲ್ಲ. ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಒಡಪು ಹೇಳಿಸುತ್ತಾರೆ. ಎರಡು ಸಾಲು, ಪ್ರಾಸ ಕೂಡಬೇಕು, ನಡುವೆ ಗಂಡನ ಹೆಸರು ಬರಬೇಕು. ಬೇರೆ ದಿನ ಬಾಯಿಗೆ ಬರಬಾರದ ಹೆಸರು ಅಂದು ಬರದಿದ್ದರೆ ಬಾಗಿಲು ಬಿಡುವುದಿಲ್ಲ. ಕಾಕಿ ನಾಚಿಕೊಂಡು ಹೇಳಿದಳು. ಅವಳ ಹಿಂದೆ ಅವ್ವ ಹೇಳಿದಳು, ಆಯಿ ಹೇಳಿದಳು. ಒಬ್ಬೊಬ್ಬರು ಹೇಳಿದಾಗಲೂ ನಗು, ಚಪ್ಪಾಳೆ, ಬಾಯಿಗೊಂದು ಚಿಟಿಕೆ ಸಕ್ಕರೆ. ನನಗೂ ಸಕ್ಕರೆ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಎಲ್ಲರ ಕಣ್ಣು ಬೀಳುವ ಆ ಹೊಸ್ತಿಲ ಮೇಲಿನ ಜಾಗ ಬೇಕಿತ್ತು.

"ನಾನೂ ಹೇಳತೀನಿ! ನನಗೂ ಬರತೈತಿ!"

ಸೋದರತ್ತೆ ಜನಾಬಾಯಿ ನನ್ನನ್ನು ಅನಾಮತ್ತಾಗಿ ಎತ್ತಿ ಹೊಸ್ತಿಲ ಮೇಲೆ ನಿಲ್ಲಿಸಿದಳು. "ಹೇಳ ನೋಡೂಣ, ಭೇಷ್!"

ನನಗೆ ಬರುತ್ತಿದ್ದದ್ದು ಒಂದೇ ಒಡಪು, ಆಯಿಯದು. ಎದೆಯುಬ್ಬಿಸಿ ಹೇಳಿಬಿಟ್ಟೆ:

ಕರಿ ಎತ್ತಿನ ಕೊರಳಾಗ ಕಂಚಿನ ಗೆಜ್ಜಿ,
ಪಾರಿಸಪ್ಪನ ಹೆಸರ ಹೇಳತೀನಿ ಇಟ್ಟ ಹೆಜ್ಜಿ ಹೆಜ್ಜಿ.

ಒಡಪಿನಲ್ಲಿ ಯಾರ ಹೆಸರು ಹೇಳುತ್ತೇವೋ ಅವನೇ ಗಂಡ. ನಾನು ಹೇಳಿದ್ದು ಅಜ್ಜನ ಹೆಸರು! ಆಮೇಲೆ ನೋಡಿ, ಮನೆಯ ಹೆಂಚು ಹಾರಿಹೋಗುವ ಹಾಗೆ ನಕ್ಕರು.

"ಅಯ್ಯಯ್ಯ, ಅಜ್ಜನ ಹೇಂತಿ!" ಜನಾಬಾಯಿ ಅತ್ತೆ ಹೊಟ್ಟೆ ಹಿಡಿದುಕೊಂಡಳು. "ಅವ್ವಾ, ನಿನಗ ಸವತಿ ಬಂದಾಳ ನೋಡ ಬೇ!"

ಹೊರಗಿನ ಕಟ್ಟೆಯಿಂದ ಅಜ್ಜನ ದನಿ, "ಏ, ನನ್ನ ಕೇಳದನ ಲಗ್ನಾ ಮಾಡಿದ್ರೇನು?"

ಮತ್ತೊಮ್ಮೆ ನಗು. ನಾನು ಜೋಳದ ಚೀಲಗಳ ಸಂದಿಗೆ ಓಡಿಹೋಗಿ ಅವಿತುಕೊಂಡೆ. ಬಹಳ ಹೊತ್ತಿನ ಮೇಲೆ ಆಯಿ ಬಂದು ಪಕ್ಕದಲ್ಲಿ ಕುಳಿತಳು. ಅವಳ ಸೆರಗಿನ ತುದಿಯಲ್ಲಿ ನನ್ನ ಪಾಲಿನ ಸಕ್ಕರೆ ಇತ್ತು.

"ಏ ಸವತಿ, ಎಷ್ಟೊತ್ತ ಅಳತಿ?"

"ಎಲ್ಲಾರೂ ನಕ್ಕರು."

"ನಗಲಿ. ನೀ ಮಾಡಿದ್ದು ಒಂದ ತಪ್ಪು. ನನ್ನ ಒಡಪು ಕದ್ದಿ."

"ನಂದು ಅಂತ ಎಲ್ಲೈತಿ? ನನಗೇನ ಗಂಡ ಅದಾನೇನು?"

"ಗಂಡ ಇಲ್ಲಂದ್ರ ಹೆಸರೂ ಇಲ್ಲೇನ? ನಿನ್ನ ಹೆಸರಿಲೇ ಒಂದು ಕಟ್ಟು."

"ಹಂಗ ಯಾರ ಹೇಳತಾರ?"

"ಯಾರೂ ಹೇಳೂದಿಲ್ಲ. ಅದಕನ ಅಲ್ಲೇನ, ಒಂದು ಹೆಸರು ಹೊಳಿ ಆಚೆ ಕುಂತೈತಿ." ಆಯಿ ಸಕ್ಕರೆಯನ್ನು ನನ್ನ ಬಾಯಿಗೆ ಹಾಕಲಿಲ್ಲ, ಅಂಗೈಯಲ್ಲೇ ಹಿಡಿದುಕೊಂಡಿದ್ದಳು. "ಯಾವತ್ತ ನೀ ನಾಕ ಮಂದಿ ಎದರಿಗೆ, ಹೊಸ್ತಿಲ ಮ್ಯಾಲ ನಿಂತು, ನಿನ್ನ ಹೆಸರಿನ ಒಡಪು ಹೇಳತಿ, ಅವತ್ತ ನಾ ನನ್ನ ಹೆಸರು ಹೇಳತೀನಿ. ಕರದ ದನಿ ಕೇಳಿ ಅದು ಎದ್ದ ಬರತೈತಿ."

"ಆಣಿ?"

"ಹೊಳಿ ಆಣಿ. ನೀನೂ ಆಣಿ ಮಾಡು."

ಮಾಡಿದೆ. ಆಗ ಸಕ್ಕರೆ ಬಾಯಿಗೆ ಬಂತು.

ಒಂದು ವಾರದ ಕೆಲಸ ಎಂದುಕೊಂಡಿದ್ದೆ. ಹನ್ನೊಂದು ವರ್ಷ ಹಿಡಿಯಿತು!

ಎಂಟನೆಯ ವರ್ಷದಲ್ಲಿ ಮೊದಲನೆಯದು ಕಟ್ಟಿ, ಆಯಿ ಅವರೆಕಾಯಿ ಸುಲಿಯುವಲ್ಲಿಗೆ ಓಡಿಹೋಗಿ ಒಪ್ಪಿಸಿದೆ:

ಮುಗಿಲಾಗ ಬಂದಾನ ಬೆಳ್ಳಿಯ ಚಂದಪ್ಪ,
ಸುಗಂಧಾ ನನ್ನ ಹೆಸರ, ಬಾಹುಬಲಿ ನನ್ನಪ್ಪ.

"ಛಲೋ ಐತಿ," ಆಯಿ ಕಾಯಿಯಿಂದ ಕಣ್ಣೆತ್ತಲಿಲ್ಲ. "ಆದ್ರ ಇದು ಬಾಹುಬಲಿ ಒಡಪು. ಪ್ರಾಸ ಎಲ್ಲಿ ಹೋಗಿ ಕುಂತೈತಿ ನೋಡು, ನಿಮ್ಮಪ್ಪನ ಮ್ಯಾಲ."

ಆಮೇಲೆ ಕೆಲವು ವರ್ಷ ನಾನು ಯಾರ ಮಗಳೂ ಆಗಿರಲಿಲ್ಲ, ಮಂಗಲನ ತಂಗಿಯಾಗಿದ್ದೆ. ಮಂಗಲಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಖೋಖೋದಲ್ಲಿ ಅವಳನ್ನು ಮುಟ್ಟುವವರಿರಲಿಲ್ಲ. ಪ್ರಾರ್ಥನೆಗೆ ಅವಳೇ ದನಿ ಎತ್ತಬೇಕು. ಶಾಲೆಯಲ್ಲಿ ಮಾಸ್ತರರು ನನ್ನನ್ನು ಕರೆಯುತ್ತಿದ್ದದ್ದೇ "ಏ, ಮಂಗಲನ ತಂಗಿ" ಎಂದು. ಅವಳಂತೆ ಎರಡು ಜಡೆ ಮಡಚಿ ಕಟ್ಟಿದೆ, ಅವಳಂತೆ ನಡೆದೆ, 'ಸ' ಅಕ್ಷರಕ್ಕೆ ಅವಳು ಹಾಕುವ ಬಾಲವನ್ನೇ ಹಾಕಿದೆ. ಒಂದು ದಿನ ಅವಳಂತೆಯೇ ಸೊಂಟಕ್ಕೆ ಕೈ ಕೊಟ್ಟು ನಿಂತು ಆಯಿಗೆ ಮಾತಾಡಿದಾಗ, ಆಯಿ ನನ್ನ ಹಿಂದೆ ಮುಂದೆ ಸುತ್ತು ಹಾಕಿ ನೋಡಿ, "ಒಬ್ಬಾಕಿ ಮಂಗಲ ಸಾಲದ ಮನಿಗೆ ಇನ್ನೊಬ್ಬಾಕಿನ್ನ ತಂದಾರೇನ? ನನ್ನ ಸವತಿ ಎಲ್ಲಿ ಹೋದ್ಲು?" ಎಂದಳು.

ನಿಜವಾದ ತೊಂದರೆ ಒಡಪು ಕಟ್ಟುವುದಲ್ಲ, ಹೇಳುವುದು. ಜನಾಬಾಯಿ ಅತ್ತೆ ರಾಯಬಾಗದಿಂದ ಬಂದಾಗಲೆಲ್ಲ, ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು, "ಏನ್ ಅಜ್ಜನ ಹೇಂತಿ, ಆರಾಮ ಅದೀರಿಲ್ಲೋ?" ಅತ್ತೆಯದು ಹಾಲಿನಂಥ ಮನಸ್ಸು, ಗೊತ್ತು. ಆದರೂ ಆ ಮಾತು ಕೇಳಿದರೆ ಸಾಕು, ನನ್ನ ಗಂಟಲಿಗೆ ಯಾರೋ ಬಿರಡೆ ಹಾಕಿದಂತಾಗುತ್ತಿತ್ತು. ನಾಲ್ಕು ಜನ ಸೇರಿದಲ್ಲಿ ಯಾರಾದರೂ "ನಿನ್ನ ಹೆಸರೇನು?" ಎಂದರೆ ನೆಲ ನೋಡುತ್ತಿದ್ದೆ.

ಕಾಗವಾಡದ ಹೈಸ್ಕೂಲಿಗೆ ಸೇರಿದಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಲಗಮವ್ವ. ಅವಳ ಮನೆಯವರು ಕುರಿ ಕಾಯುವವರು. ಸೀಟಿಗಾಗಿ ಕಂಡಕ್ಟರನ ಜೊತೆ ಒಂದೇ ಉಸಿರಿನಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಜಗಳಾಡಬಲ್ಲ ಹುಡುಗಿ. ನನ್ನ ಪರವಾಗಿ ಅವಳೇ ಎಲ್ಲರಿಗೂ ಉತ್ತರ ಹೇಳುತ್ತಿದ್ದಳು. ಒಮ್ಮೆ ಬೇಸರವಾಗಿ ಕೇಳಿದಳು, "ನಿನ್ನ ಹೆಸರ ಹೇಳಾಕ ನಿನಗ ಲಂಚಾ ಕೊಡಬೇಕೇನ ಬೇ?"

ಅವಳಿಗೆ ಆಣೆಯ ಕಥೆ ಪೂರ್ತಿ ಹೇಳಿದೆ. ಅವಳ ಕಣ್ಣು ಮಿನುಗಿದವು. "ಹಂಗಾದ್ರ ಪಂಚಮಿ ಜೋಕಾಲಿ ಮ್ಯಾಲ ಹೇಳಿಬಿಡು! ಹೊಸ್ತಿಲಾ ಅಲ್ಲ ಖರೆ, ತಾಲೀಮ ಆಗತೈತಿ."

ತೊಂಬತ್ತೆರಡರ ನಾಗರ ಪಂಚಮಿ. ನನಗೆ ಹದಿನೈದು. ಆ ಹೊತ್ತಿಗೆ ನನ್ನ ಬಳಿ ಭಾರಿ ಒಡಪೊಂದು ತಯಾರಿತ್ತು. ಶ್ರೀಗಂಧ, ಹುಣ್ಣಿಮೆ, ಕೋಗಿಲೆ, ಸಂಪಿಗೆ ಎಲ್ಲ ಅದರಲ್ಲಿದ್ದವು. ಬೇವಿನ ಮರದ ಜೋಕಾಲಿಯನ್ನು ಹುಡುಗಿಯರು ಹಿಡಿದು ನಿಲ್ಲಿಸಿದರು. "ಹೇಳು! ಹೇಳು!" ಮೊದಲನೆಯ ಸಾಲು ಬಂತು. ಎರಡನೆಯದಕ್ಕೆ ಬಾಯಿ ತೆರೆದರೆ, ನೀರು ಹೋದ ಬೋರಿನಂತೆ ಬರೀ ಗಾಳಿ.

"ಬರದಿದ್ರ ಅಜ್ಜನ ಹೆಸರರ ಹೇಳ ಬೇ!" ಎಂದಳು ಯಾರೋ.

ನಗು ಮುಗಿಯುವ ಮೊದಲೇ ಜಿಗಿದೆ. ಮೊಣಕಾಲು ತರಚಿತು. ಮನೆಗೆ ಬಂದು, ಆಯಿ ಅರಿಸಿನ ಹಚ್ಚುವಾಗ ಆ ಭಾರಿ ಒಡಪನ್ನು ಅವಳೊಬ್ಬಳಿಗೇ ಹೇಳಿದೆ. ಅವಳ ಮುಂದೆ ಎರಡು ಸಾಲೂ ಸಲೀಸಾಗಿ ಬಂದವು.

ಆಯಿ ಕೇಳಿ ಮುಗಿಸಿ, "ಸಂಪಗಿ ಐತಿ, ಕೋಗಿಲಿ ಐತಿ. ಇದರಾಗ ನೀ ಎಲ್ಲಿ ಅದಿ?" ಎಂದಳು.

"ಮತ್ತ ನಾ ಯಾರು, ಆಯಿ?" ಸಿಟ್ಟಿನಿಂದಲೇ ಕೇಳಿದೆ.

"ಅದನ್ನ ನನ್ನ ಕೇಳಬ್ಯಾಡ. ಆದ್ರ ಲಗೂ ಮಾಡ ಸವತಿ. ನಾ ಎಪ್ಪತ್ತಕ್ಕ ಬಂದೇನಿ. ನನ್ನ ಜೋಡಿ ಹೋತಂದ್ರ ಆ ಹೆಸರು ಕಲ್ಲಿನ ಮ್ಯಾಲನ ಉಳೀತೈತಿ."

ಅಲ್ಲಿಯವರೆಗೆ ಅದು ಆಟವಾಗಿತ್ತು. ಆ ಮಾತಿನ ನಂತರ ಆಟವಾಗಿ ಉಳಿಯಲಿಲ್ಲ. ಆ ಹೆಸರು ಬಲ್ಲವಳು ಒಬ್ಬಳೇ. ಅವಳ ಬಾಯಿ ತೆರೆಯುವ ಕೀಲಿ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಮರುದಿನ ಬಸ್ಸಿನಲ್ಲಿ ಲಗಮವ್ವ ನನ್ನ ಮೊಣಕಾಲಿನ ಅರಿಸಿನ ನೋಡಿ ಕಿಸಕ್ಕನೆ ನಕ್ಕಳು. "ನಿನಗ ಅಂಜಿಕಿ ಯಾತರದು? ಅಜ್ಜನ ಹೇಂತಿ ಅಂತಾರಂತನಾ? ಊರಾಗ ಎಲ್ಲಾರೂ ಲಗ್ನಾ ಆಗ್ಯಾರ. ಅಜ್ಜನ್ನ ಲಗ್ನಾ ಆದಾಕಿ ನೀ ಒಬ್ಬಾಕಿನ! ಅಂಥಾದೊಂದ ಕಥಿ ನನಗ ಇದ್ದಿದ್ರ, ದಿನಾ ಬಸ್ಸಿನ್ಯಾಗ ಹೇಳಿ ಸೀಟ ಹಿಡಿತಿದ್ನಿ."

ಕಿಟಕಿಯಾಚೆ ಕಬ್ಬು ಓಡುತ್ತಿತ್ತು. ಅವಳ ಮಾತು ನನ್ನೊಳಗೆ ಉಳಿಯಿತು.

ತೊಂಬತ್ತನಾಲ್ಕರ ಮೇ ತಿಂಗಳಲ್ಲಿ ಮಂಗಲಕ್ಕನ ಮದುವೆ. ವರ ನಿಪ್ಪಾಣಿ ಹತ್ತಿರದ ಅಕ್ಕೋಳದ ಮಹಾವೀರ. ಅಕ್ಕಿಯ ತಾಟು ಬಂದಾಗ ಎಲ್ಲರಿಗಿಂತ ಮುಂದೆ ಬಗ್ಗಿ ನೋಡಿದವಳು ಆಯಿ. ಮಹಾವೀರ ಉಂಗುರ ಹಿಡಿದು 'ಮಂಗಲ' ಎಂದೇ ಬರೆದ. "ಇದ್ದ ಹೆಸರ ಛಲೋ ಐತಲ್ರಿ" ಎಂದ. ಆಯಿ ಕೊನೆಯ ಅಕ್ಷರ ಮುಗಿಯುವವರೆಗೂ ಉಸಿರು ಹಿಡಿದಿದ್ದು ನನಗೆ ಪಕ್ಕದಲ್ಲೇ ಗೊತ್ತಾಯಿತು.

ಮಧ್ಯಾಹ್ನ ಮಂಗಲಕ್ಕನನ್ನೂ ಮಹಾವೀರನನ್ನೂ ಕೂರಿಸಿಕೊಂಡು ಟೆಂಪೋ ಅಕ್ಕೋಳಕ್ಕೆ ಹೊರಟಿತು. ಮದುಮಗಳ ಜೊತೆ ಒಬ್ಬ ಹಿರಿಯ ಹೆಂಗಸು, ಒಬ್ಬ ತಂಗಿ ಹೋಗುವುದು ವಾಡಿಕೆ. ಆಯಿ ಹೊರಟಳು, ನಾನು ಹೊರಟೆ, ಕರೆಯದಿದ್ದರೂ ಜನಾಬಾಯಿ ಅತ್ತೆ ಹತ್ತಿ ಕುಳಿತಳು. ಚಿಕ್ಕೋಡಿ ದಾಟಿದ ಮೇಲೆ ಗಾಲಿ ಪಂಕ್ಚರ್ ಆಯಿತು. ಸ್ಟೆಪ್ನಿಯಲ್ಲೂ ಗಾಳಿಯಿಲ್ಲ! ಡ್ರೈವರ್ ಗಾಲಿ ಉರುಳಿಸಿಕೊಂಡು ಹಿಂದಕ್ಕೆ ಹೋದ. ನಾವು ಬೇಲಿಯ ನೆರಳಲ್ಲಿ ಕುಳಿತೆವು. ಮದುವೆಯ ಗಡಿಬಿಡಿಯಲ್ಲಿ ಆಯಿ ಬೆಳಿಗ್ಗೆ ಒಂದು ಹಿಡಿ ಚುರುಮುರಿ ತಿಂದದ್ದಷ್ಟೇ. ಅವಳು ಹೊತ್ತನ್ನು ನೋಡುತ್ತಿದ್ದಳು, ನಾನು ಅವಳನ್ನು ನೋಡುತ್ತಿದ್ದೆ.

ಅಕ್ಕೋಳ ಮುಟ್ಟಿದಾಗ ಸೂರ್ಯ ಹೊಲದ ಅಂಚಿಗೆ ಇಳಿದಿದ್ದ. ಒಳಗೆ ಎಲೆ ಹಾಕಿದ್ದು ಬಾಗಿಲಿನಿಂದಲೇ ಕಾಣುತ್ತಿತ್ತು. ಆದರೆ ಬಾಗಿಲ ತುಂಬ ಮಹಾವೀರನ ಸೋದರತ್ತೆ ಜಿನಮತಿ ನಿಂತಿದ್ದಳು. ಎತ್ತರದ, ಮೈತುಂಬಿದ ಹೆಂಗಸು. ಎರಡೂ ಕೈ ಚೌಕಟ್ಟಿಗೆ.

"ಒಡಪು ಹೇಳದ ಒಬ್ಬರೂ ಒಳಗ ಬರಾಂಗಿಲ್ಲ!"

ಮಂಗಲಕ್ಕ ಪಟಪಟನೆ ಹೇಳಿ ಗೆದ್ದಳು. ಮಹಾವೀರ ತಡವರಿಸಿ ಹೇಳಿದ. ಇಬ್ಬರನ್ನೂ ಒಳಗೆ ಬಿಟ್ಟು ಜಿನಮತಿ ಮತ್ತೆ ಕೈ ಅಡ್ಡ ಹಾಕಿದಳು. ಈಗ ಎದುರಿಗೆ ನಾನು.

"ಇಕಿ ಯಾರು?"

"ಮಂಗಲನ ತಂಗಿರಿ," ಎಂದರು ಯಾರೋ.

"ಮಂಗಲನ ತಂಗಿ ಅಂತನ ಹೆಸರಿಟ್ಟಾರೇನು? ಹೇಳಲಿ, ಆಕಿನೂ ಒಡಪು ಹೇಳಲಿ."

"ಲಗ್ನಾ ಆಗಿಲ್ರಿ ಇನ್ನ."

"ಆಗಿಲ್ಲಂದ್ರ ಆಗಾವಂದು ಹೇಳಲಿ!"

ಹೆಂಗಸರೆಲ್ಲ ನಕ್ಕರು. ಹಿಂದಿನಿಂದ ಜನಾಬಾಯಿ ಅತ್ತೆಗೆ ತಡೆದುಕೊಳ್ಳಲಾಗಲಿಲ್ಲ. "ಆಗೈತ್ರಿ, ಆಗೈತಿ! ಆರ ವರ್ಷಕ್ಕನ ಆಗೈತಿ, ನಮ್ಮಪ್ಪನ ಕೂಡ!" ಎಂದು ಶುರು ಮಾಡಿ ಹೊಸ್ತಿಲು, ಸಕ್ಕರೆ, ಕರಿ ಎತ್ತು ಎಲ್ಲ ಹೇಳಿದಳು. ಅಕ್ಕೋಳವೇ ನಗತೊಡಗಿತು. ಕಟ್ಟೆಯ ಮೇಲಿನ ಗಂಡಸರೂ ಕುತ್ತಿಗೆ ಚಾಚಿದರು. ನಾನು ಮತ್ತೆ ನೆಲ ನೋಡಿದೆ.

ತಿರುಗಿ ನೋಡಿದೆ. ಆಯಿ ಟೆಂಪೋದ ಬಾಗಿಲು ಹಿಡಿದು ನಿಂತಿದ್ದಳು. ಅವಳ ಬೆನ್ನ ಹಿಂದೆ ಸೂರ್ಯನ ಕೆಳಗಿನ ಅಂಚು ಕಬ್ಬಿಗೆ ತಾಗಿತ್ತು. ಅದು ಮುಳುಗಿದರೆ ಅವಳಿಗೆ ನಾಳೆ ಬೆಳಗಿನವರೆಗೆ ಉಪವಾಸ.

"ಹೊತ್ತ ಇನ್ನ ಐತಿ ಬೇ," ಎಂದಳು ಆಯಿ. "ಅವಸರ ಮಾಡಬ್ಯಾಡ."

ಆಗ ನನಗೆ ಏನೋ ಹೊಳೆಯಿತು, ಬಸ್ಸಿನ ಕಿಟಕಿಯ ಗಾಳಿ ಮುಖಕ್ಕೆ ಹೊಡೆದ ಹಾಗೆ. ಇವರೆಲ್ಲ ನಗುತ್ತಿರುವುದು ಒಂದು ಕಥೆಗೆ. ಕಥೆ ಛಲೋ ಇದೆ, ಅದಕ್ಕೇ ನಗುತ್ತಿದ್ದಾರೆ. ಆ ಕಥೆ ಅಪ್ಪನದಲ್ಲ, ಮಂಗಲಕ್ಕನದಲ್ಲ, ಸಂಪಿಗೆಯದಲ್ಲ, ಕೋಗಿಲೆಯದಲ್ಲ. ನನ್ನದು! ಹನ್ನೊಂದು ವರ್ಷ ಅದನ್ನು ಜನಾಬಾಯಿ ಅತ್ತೆಯ ಬಾಯಿಗೆ ಬಿಟ್ಟುಕೊಟ್ಟು ನಾನೇಕೆ ನೆಲ ನೋಡುತ್ತ ನಿಂತಿದ್ದೆ?

ಹೊಸ್ತಿಲ ಮೇಲೆ ಹತ್ತಿದೆ. ಬಾಯಿ ತೆರೆದೆ. ಎರಡು ಸಾಲೂ, ಹಿಂದೆಂದೂ ಕಟ್ಟದವು, ಒಂದರ ಹಿಂದೊಂದು ಬಂದವು:

ಆರಕ್ಕ ಅಜ್ಜನ ಹೇಂತಿ ಆದ್ನಿ, ನಕ್ಕಿತು ಊರೆಲ್ಲ,
ಹದಿನೇಳಕ್ಕ ಸುಗಂಧಾ ಆದ್ನಿ, ಇನ್ನ ನಾಚಿಕಿ ಇಲ್ಲ!

ಆಮೇಲೆ ನಗು ಎದ್ದಿತು, ಆದರೆ ಈ ಸಲ ಅದು ನನ್ನ ಮೇಲೆ ಬೀಳಲಿಲ್ಲ, ನನ್ನನ್ನು ಎತ್ತಿಕೊಂಡಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಜನಾಬಾಯಿ ಅತ್ತೆ. ಜಿನಮತಿ ಚೌಕಟ್ಟಿನಿಂದ ಕೈ ತೆಗೆದು, ನನ್ನ ಬಾಯಿಗೆ ಒಂದು ಹಿಡಿ ಸಕ್ಕರೆಯನ್ನೇ ತುಂಬಿದಳು.

"ಗಂಡ ಇಲ್ಲದ ಒಡಪು ಇವತ್ತ ಕೇಳಿದ್ನಿ ನೋಡ! ಬಾ ಸುಗಂಧಾ, ಬಾ ಬೇ ಒಳಗ."

ಪರ ಊರಿನವಳ ಬಾಯಲ್ಲಿ ನನ್ನ ಹೆಸರು, ಬಾಲವಿಲ್ಲದೆ, ಬರೀ ಅದೊಂದೇ! ಆದರೂ ನಾನು ಒಳಗೆ ಹೋಗಲಿಲ್ಲ. ಹೊಸ್ತಿಲ ಮೇಲೆ ಹಿಂದಕ್ಕೆ ತಿರುಗಿ, ಜಿನಮತಿ ನಿಂತ ಹಾಗೆಯೇ ಎರಡೂ ಕೈ ಚೌಕಟ್ಟಿಗೆ ಚಾಚಿ ನಿಂತೆ.

"ಆಯಿ, ಇನ್ನ ನಿಂದು."

"ಏ ಹುಚ್ಚಿ, ಹೊತ್ತ ಮುಳಗಾಕತ್ತೈತಿ. ಬಾಜೂಕ ಸರಿ."

"ಒಡಪು ಹೇಳದ ಒಬ್ಬರೂ ಒಳಗ ಬರಾಂಗಿಲ್ಲ. ಹೊಳಿ ಆಣಿ ಮಾಡಿದ್ದಿ, ಮರತೇನ?"

ಆಯಿ ಟೆಂಪೋದ ಬಾಗಿಲು ಬಿಟ್ಟು ನಡೆದು ಬಂದಳು. ಹೆಂಗಸರು ದಾರಿ ಬಿಟ್ಟರು. ಜನಾಬಾಯಿ ಅತ್ತೆ ಕರಿ ಎತ್ತಿನ ಸಾಲನ್ನು ಆಗಲೇ ಬಾಯಲ್ಲಿ ಗುನುಗುತ್ತಿದ್ದಳು. ಆಯಿ ಅವಳತ್ತ ಕೈ ಎತ್ತಿ ಸುಮ್ಮನಿರಿಸಿದಳು. ಸೆರಗು ಸರಿಮಾಡಿಕೊಂಡಳು. ನನ್ನ ಕಣ್ಣಲ್ಲಿ ಕಣ್ಣಿಟ್ಟಳು. ಎಪ್ಪತ್ತರ ಮುಖದೊಳಗಿಂದ ಹದಿನಾಲ್ಕರ ಹುಡುಗಿಯೊಬ್ಬಳು ಇಣುಕುವುದು ನನಗೆ ಕಂಡಿತು.

ಐವತ್ತಾರ ವರ್ಷ ಕಲ್ಲಿನ ಮ್ಯಾಲ ಕುಂತಿತ್ತ ನನ್ನ ಹೆಸರ,
ಪುತಳಾ ಬಂದಾಳ ಹೊಳಿ ದಾಟಿ, ನೀಡ್ರಿ ಅನ್ನ ಮೊಸರ!

"ಅವ್ವಾ," ಜನಾಬಾಯಿ ಅತ್ತೆಯ ನಗು ಅರ್ಧಕ್ಕೇ ನಿಂತಿತು. "ಪುತಳಾ ಯಾರ ಬೇ?"

"ನಾನ," ಎಂದಳು ಆಯಿ.

ಜಿನಮತಿ ಸಕ್ಕರೆಯ ಬಟ್ಟಲನ್ನು ನನ್ನ ಕೈಗೆ ಕೊಟ್ಟಳು. ಒಂದು ಚಿಟಿಕೆ ತೆಗೆದು ಆಯಿಯ ಬಾಯಿಗೆ ಹಾಕಿದೆ. ಕಬ್ಬಿನ ಮೇಲೆ ಇನ್ನೂ ಒಂದು ಬೆರಳಿನಷ್ಟು ಸೂರ್ಯ ಉಳಿದಿದ್ದ. ನಾನು ಕೈ ತೆಗೆದೆ. ಪುತಳಾ ಬಲಗಾಲಿಟ್ಟು ಒಳಗೆ ಬಂದಳು.